ನಾಲ್ಕನೇ ಸಾಲಿನ ಬಿಳಿ ಹಗ್ಗ

ಆ ಶುಕ್ರವಾರ ಮೊರೊಹಾಶಿ ಏಕಿಚಿಯ ತಲೆಯ ಮೇಲೆ ಬಂದೆರಗಿದ ಕಷ್ಟಕ್ಕೆಲ್ಲ ಕಾರಣ, ಒಂದು ಹಗ್ಗ ಬೆಳ್ಳಗಿದ್ದದ್ದು.

ನೀಗಾತಾ ಸೀಮೆಯ ಆ ಕಾರ್ಖಾನೆಯಲ್ಲಿ ಸೆಂಬೆ ತಯಾರಾಗುತ್ತದೆ. ಅಕ್ಕಿಹಿಟ್ಟಿನ ಬಿಲ್ಲೆಗಳನ್ನು ಸುಟ್ಟು, ಸೋಯಾ ರಸ ಸವರಿ, ಮತ್ತೆ ಸುಡುವ ಕೆಲಸ. ಅಲ್ಲಿ ಎಂಟು ಸಾಲುಗಳು. ಸಾಲಿಗೊಂದು ಬೆಲ್ಟು, ಒಂದು ಒಲೆ, ಏಳು ಜನ ಕೆಲಸದವರು, ಅವರ ಮೇಲೊಬ್ಬ ಹಾಂಚೋ. ಹಾಂಚೋ ಎಂದರೆ ತಂಡದ ಯಜಮಾನ. ಸಂಬಳ ಉಳಿದವರಿಗಿಂತ ಒಂದು ಹಿಡಿ ಹೆಚ್ಚು, ಬೈಗುಳ ಎರಡು ಹಿಡಿ ಹೆಚ್ಚು.

ಬೆಲ್ಟಿನ ಉದ್ದಕ್ಕೂ ತಲೆಯ ಮೇಲೊಂದು ಹಗ್ಗ ಹಾದುಹೋಗಿದೆ. ಏನಾದರೂ ಎಡವಟ್ಟಾದರೆ ಯಾರು ಬೇಕಾದರೂ ಅದನ್ನು ಎಳೆಯಬಹುದು. ಎಳೆದರೆ ಸಾಲು ನಿಲ್ಲುತ್ತದೆ, ಗೋಡೆಯ ಪೆಟ್ಟಿಗೆಯೊಂದು ಕೋಗಿಲೆಯ ದನಿಯಲ್ಲಿ ಕೂಗುತ್ತದೆ. ಆ ಸಾಲಿನ ಫಲಕದಲ್ಲಿ ಯಾವ ಹಾಂಚೋನ ಹೆಸರಿದೆಯೋ ಅವನು ಒಂದು ನಿಮಿಷದೊಳಗೆ ಓಡಿಬಂದು, ಎಳೆದವರಿಗೆ ಬಗ್ಗಿ ವಂದಿಸಿ, 'ಎಳೆದಿದ್ದಕ್ಕೆ ಉಪಕಾರವಾಯ್ತು' ಎನ್ನಬೇಕು. ತಪ್ಪೇನೆಂದು ಹಳದಿ ಚೀಟಿಯಲ್ಲಿ ಬರೆದು ಫಲಕಕ್ಕೆ ಅಂಟಿಸಬೇಕು. ಅದು ಬಗೆಹರಿಯುವ ತನಕ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ. ವಸಂತದಲ್ಲಿ ಹೊಸದಾಗಿ ಬಂದ ಕಾರ್ಖಾನೆಯ ಮುಖ್ಯಸ್ಥೆ ಸೆಗಾವಾ ತಂದ ನಿಯಮವಿದು. ಬಂದ ದಿನವೇ ಆಕೆ ಎಂಟೂ ಸಾಲಿಗೆ ಹೊಸ ಹಗ್ಗ ಕಟ್ಟಿಸಿದ್ದಳು.

ಆರು ತಿಂಗಳಲ್ಲಿ ಏಳು ಸಾಲುಗಳ ಹಗ್ಗಗಳು ಸೋಯಾ ಮೆತ್ತಿದ ಕೈಗಳಿಗೆ ಸಿಕ್ಕಿ ಅಡುಗೆಮನೆಯ ಮಸಿಬಟ್ಟೆಯ ಹಾಗಾಗಿದ್ದವು. ಮೊರೊಹಾಶಿಯ ನಾಲ್ಕನೇ ಸಾಲಿನದು ಮಾತ್ರ ಅಂಗಡಿಯಿಂದ ಈಗತಾನೇ ತಂದಂತಿತ್ತು.

ಬೆಳಗಿನ ಕವಾಯತು ಮುಗಿದು ಎಲ್ಲರೂ ಕೈ ಕೆಳಗಿಳಿಸುವ ಹೊತ್ತಿಗೆ ಸೆಗಾವಾ ಮುಂದೆ ಬಂದಳು. ಗಿಡ್ಡ ಹೆಂಗಸು. ಆಕೆ ದನಿ ಏರಿಸಿದ್ದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಎಲ್ಲರ ಹೆದರಿಕೆಯೂ ಅದಕ್ಕೇ ಇತ್ತು.

"ನಾಲ್ಕನೇ ಸಾಲಿನ ಹಗ್ಗ ನೋಡ್ದೆ," ಎಂದಳು. "ಬೆಳ್ಳಗಿದೆ. ಆರು ತಿಂಗಳಲ್ಲಿ ಒಂದು ಸಲಾನೂ ಎಳೆದಿಲ್ಲ."

ಹೊಗಳಿಕೆ ಬಂತೆಂದುಕೊಂಡ ಮೊರೊಹಾಶಿ ಸೊಂಟದ ಪಟ್ಟಿಯನ್ನು ಬಿಗಿ ಮಾಡಿಕೊಂಡು, ವಿನಯದಿಂದ ತಲೆ ಬಾಗಿಸಿದ.

"ತಪ್ಪೇ ಮಾಡದ ಸಾಲನ್ನ ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿಲ್ಲ. ತಪ್ಪು ಮುಚ್ಚಿಡೋ ಸಾಲನ್ನ ಬೇಕಾದಷ್ಟು ನೋಡಿದೀನಿ. ಬೇರೆ ಸಾಲುಗಳಲ್ಲಿ ದಿನಕ್ಕೊಂದು ಚೀಲ ಮುರಿದ ಸೆಂಬೆ ಸಿಗುತ್ತೆ. ನಾಲ್ಕರಲ್ಲಿ ಒಂದು ಚೂರೂ ಇಲ್ಲ. ಆದ್ರೆ ಹೋದ ತಿಂಗಳ ಆರೋಗ್ಯ ತಪಾಸಣೇಲಿ ಸೊಂಟದ ಸುತ್ತಳತೆ ಏರಿರೋದು, ರಕ್ತದೊತ್ತಡ ಏರಿರೋದು ನಾಲ್ಕನೇ ಸಾಲಲ್ಲಿ ಮಾತ್ರ. ನರ್ಸ್ ಯಾರ ಹೆಸರೂ ಹೇಳಿಲ್ಲ. ಸಾಲು ಹೇಳಿದಾರೆ."

ಅರವತ್ತು ಜೊತೆ ಕಣ್ಣುಗಳು ನಾಲ್ಕನೇ ಸಾಲಿನವರ ಹೊಟ್ಟೆಗಳ ಕಡೆ ತಿರುಗಿದವು. ಕಿನುಯೆ ಮೆಲ್ಲನೆ ಏಪ್ರನ್ ಸರಿಮಾಡಿಕೊಂಡಳು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಅರವತ್ತೊಂದರ ಹೆಂಗಸು. ಆ ಏಪ್ರನ್ನಿನ ಜೇಬು ಕಾಂಗರೂವಿನ ಚೀಲದಷ್ಟು ದೊಡ್ಡದು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಜನ ಬೇಡಿಕೊಳ್ಳುತ್ತಾರೆ; ನಾಲ್ಕನೇ ಸಾಲಿನವರು ಒಂಬತ್ತು ವರ್ಷಗಳಿಂದ ಅದನ್ನೇ, ಚಹಾದ ಬಿಡುವಿನಲ್ಲಿ, ಕರುಂ ಕುರುಂ ಎಂದು ಮಾಡಿಕೊಂಡು ಬಂದಿದ್ದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಇವರು ಈಗ ನೀರಿನ ಜೊತೆ ಮಾತ್ರೆಯನ್ನೂ ನುಂಗುವ ಕಾಲ ಬಂದಿತ್ತು.

"ಇವತ್ತು ಸಂಜೆ ಐದರೊಳಗೆ ನಾಲ್ಕನೇ ಸಾಲಿಂದ ಐದು ಚೀಟಿ ಬರ್ಬೇಕು. ನಿಜವಾದ ತಪ್ಪಿನವು. ಬರ್ಲಿಲ್ಲ ಅಂದ್ರೆ ಈ ತಂಡಕ್ಕೆ ಕಾಯಿಲೆ ಇದೆ ಅಂತ ಅರ್ಥ. ಸೋಮವಾರದಿಂದ ಏಳೂ ಜನಾನ ಏಳು ಸಾಲಿಗೆ ಹಂಚ್ತೀನಿ. ಬಾಯಿ ಬಿಡೋದನ್ನ ಅಲ್ಲಿ ಕಲೀಲಿ."

ಮೊರೊಹಾಶಿ ತನ್ನ ಏಳು ಜನರ ಕಡೆ ತಿರುಗಿದ. ಒಂಬತ್ತು ವರ್ಷ ಒಟ್ಟಿಗಿದ್ದ ತಂಡ. ಮನೆಯಲ್ಲಿ ಹೆಂಡತಿಯೊಡನೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆತ ಇವರೊಡನೆ ಆಡಿದ್ದ. ಯಾರಿಗೆ ಚಹಾ ಬಿಸಿಯಿರಬೇಕು, ಯಾರ ಮೊಮ್ಮಗುವಿಗೆ ಹಲ್ಲು ಬಂತು ಎಲ್ಲ ಗೊತ್ತಿತ್ತು. ಈ ಏಳು ಜನರಿಲ್ಲದೆ ಬೆಳಗ್ಗೆ ಎದ್ದು ಯಾಕಾದರೂ ಬರಬೇಕೆಂದು ಅವನಿಗೆ ಹೊಳೆಯಲಿಲ್ಲ.

ಬೆಲ್ಟು ಶುರುವಾಗುವ ಮೊದಲೇ ಅವರನ್ನು ಸುತ್ತ ನಿಲ್ಲಿಸಿಕೊಂಡ.

"ದಮ್ಮಯ್ಯ, ಇವತ್ತು ಹಗ್ಗ ಎಳೀರಿ. ತಪ್ಪು ಕಂಡ ತಕ್ಷಣ ಎಳೀರಿ."

"ಆಗ್ಲಿ ಹಾಂಚೋ!" ಎಂದು ಏಳೂ ಜನ ಒಂದೇ ದನಿಯಲ್ಲಿ ಹೇಳಿದರು.

ಹತ್ತು ಗಂಟೆಯಾದರೂ ಕೋಗಿಲೆ ಕೂಗಲಿಲ್ಲ. ಒಲೆಯ ಬಾಯಲ್ಲಿ ಒಂದು ತಟ್ಟೆ ಓರೆಯಾಯಿತು. ಮೊರೊಹಾಶಿ ಉಸಿರು ಬಿಗಿಹಿಡಿದ. ಒಲೆ ನೋಡಿಕೊಳ್ಳುವ ಹೋಶಿನಾ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ, ಪಕ್ಕದಲ್ಲಿದ್ದ ಬಿದಿರು ಕೋಲನ್ನು ತೆಗೆದು ತಟ್ಟೆಯನ್ನು ಟಕ್ಕೆಂದು ನೆಟ್ಟಗೆ ಮಾಡಿಬಿಟ್ಟ.

"ಹೋಶಿನಾ! ಎಳೀಬೇಕಿತ್ತಲ್ಲೋ!"

"ಓ..." ಹೋಶಿನಾ ಕೋಲನ್ನೇ ನೋಡಿದ. "ತಪ್ಪಾಯ್ತು ಹಾಂಚೋ."

"ತಪ್ಪಾಯ್ತು ಅಂತ ನನಗ್ಯಾಕೆ ಹೇಳ್ತೀಯ? ಹಗ್ಗಕ್ಕೆ ಹೇಳು!"

"ಈಗ ಸರಿಯಾಗೋಯ್ತಲ್ಲ," ಎಂದ ಹೋಶಿನಾ. ಅಲ್ಲಿಗೆ ಅವನ ಆ ದಿನದ ಮಾತು ಮುಗಿದ ಹಾಗೆಯೇ.

ಇನ್ನು ಇವರನ್ನು ನಂಬಿ ಕೂತರೆ ಆಗದು, ತಪ್ಪನ್ನು ತಾನೇ ಹುಟ್ಟಿಸಬೇಕೆಂದು ಮೊರೊಹಾಶಿ ತೀರ್ಮಾನಿಸಿದ. ಯಾರೂ ನೋಡದಾಗ ಒಲೆಯ ಬಿಸಿಯನ್ನು ಒಂದು ಮೆಟ್ಟಿಲು ಏರಿಸಿದ. ತಿರುಗಿ ನೋಡುವಷ್ಟರಲ್ಲಿ ಕಿನುಯೆ ಬೇರೆಲ್ಲೋ ನೋಡುತ್ತಾ ಎರಡೇ ಬೆರಳಲ್ಲಿ ಅದನ್ನು ಇಳಿಸಿದ್ದಳು. ಕಡಲಪಾಚಿ ಹಾಳೆಯ ಪೆಟ್ಟಿಗೆಯನ್ನು ಎಳ್ಳಿನ ಜಾಗದಲ್ಲಿ, ಎಳ್ಳನ್ನು ಹಾಳೆಯ ಜಾಗದಲ್ಲಿ ಇಟ್ಟ. ಐದು ನಿಮಿಷದಲ್ಲಿ ಎರಡೂ ತಮ್ಮ ತಮ್ಮ ಮನೆ ಸೇರಿಕೊಂಡವು. ಸೋಯಾ ಸವರುವ ಕುಂಚವನ್ನು ಕದ್ದು ತನ್ನ ಅಂಗಿಯೊಳಗೆ ಅಡಗಿಸಿದ. ಸಾಲಿನ ತುದಿಯಿಂದ ಒಂದು ಕೈ ಚಾಚಿ, ಇನ್ನೊಂದು ಕುಂಚ ಬಂತು. ಅಂಗಿಯೊಳಗಿನದು ಸೋರಿ, ಅವನ ಹೊಟ್ಟೆಯ ಮೇಲೆ ಕಂದು ಬಣ್ಣದ ನಕ್ಷೆ ಮೂಡಿತು.

"ಹಾಂಚೋ, ನಿಮ್ಮ ಅಂಗಿ..." ಎಂದು ಕಿನುಯೆ ಒದ್ದೆ ಬಟ್ಟೆ ಹಿಡಿದು ಬಂದಳು. ಎರಡು ನಿಮಿಷದಲ್ಲಿ ಆ ಕಲೆಯೂ ಹೋಯಿತು. ತಪ್ಪು ಮಾಡಿಯೂ ಉಳಿಸಿಕೊಳ್ಳಲಾಗದಂಥ ದರಿದ್ರ ತನಗೆ ಬಂತಲ್ಲಾ ಎಂದು ಮೊರೊಹಾಶಿಗೆ ಅಳು ಬರುವಂತಾಯಿತು.

ಊಟದ ಕೋಣೆಯಲ್ಲಿ ಹೆಂಡತಿ ಕಟ್ಟಿಕೊಟ್ಟ ಅನ್ನ, ಸುಟ್ಟ ಮೀನು ಬಿಚ್ಚಿ ಕೂತಿದ್ದಾಗ ಮೂರನೇ ಸಾಲಿನ ಹಾಂಚೋ ನಗುಮೊ ಎದುರಿಗೆ ಬಂದು ಕುಕ್ಕರಿಸಿದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನಗುಮೊಗೆ ಊರವರ ಕಷ್ಟವೆಂದರೆ ಉಪ್ಪಿನಕಾಯಿ ಇದ್ದ ಹಾಗೆ, ಅದಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ.

"ಏನೋ ಮೊರೊಹಾಶಿ, ಎಷ್ಟಾಯ್ತು?"

"ಸೊನ್ನೆ."

"ಅಯ್ಯೋ ಪಾಪ! ನಮ್ಮದು ಬೆಳಗಿಂದ ಹನ್ನೊಂದು. ಬೇಕಾದ್ರೆ ಐದು ಕೊಡ್ತೀನಿ ತಗೋ. ನಮ್ಮಲ್ಲಿ ತಪ್ಪಿಗೇನು ಬರಗಾಲ?"

"ಬೇಡ ಮಾರಾಯ. ನಿಜವಾದ್ದೇ ಬೇಕಂತೆ."

"ಹಾಗಿದ್ರೆ ನಿನ್ನಿಷ್ಟ." ನಗುಮೊ ಮೊರೊಹಾಶಿಯ ಮೀನಿನ ಒಂದು ತುಂಡನ್ನು ಊಟದ ಕಡ್ಡಿಯಲ್ಲೆತ್ತಿ ಬಾಯಿಗೆ ಹಾಕಿಕೊಂಡ. "ಬೇಜಾರ್ ಮಾಡ್ಕೋಬೇಡ. ಕಿನುಯೆ-ಸಾನ್‌ರನ್ನ ನಮ್ಮ ಸಾಲಿಗೇ ಕೊಡಿ ಅಂತ ಈಗ್ಲೇ ಬರೆದು ಕೊಟ್ಟಿದೀನಿ. ಹೋಶಿನಾಗೆ ಆರನೇ ಸಾಲೋರು, ಎಂಟನೇ ಸಾಲೋರು ಕಿತ್ತಾಡ್ತಿದಾರೆ. ಮಾತಾಡಲ್ಲ ನೋಡು, ಅದಕ್ಕೇ ಬೆಲೆ ಜಾಸ್ತಿ."

ಹೆಣ ಎತ್ತುವ ಮೊದಲೇ ಪಾತ್ರೆಪಗಡೆ ಹಂಚಿಕೊಳ್ಳುವ ನೆಂಟರ ಹಾಗೆ ಎಲ್ಲರೂ ತನ್ನ ತಂಡವನ್ನು ಆರಿಸಿಕೊಳ್ಳುತ್ತಿದ್ದಾರೆ. ಮೊರೊಹಾಶಿ ಕಡ್ಡಿ ಕೆಳಗಿಟ್ಟ. ಉಳಿದ ಮೀನನ್ನೂ ನಗುಮೊನ ಕಡೆ ತಳ್ಳಿ, ಎದ್ದು ಸೀದಾ ತನ್ನ ಸಾಲಿಗೆ ಬಂದ. ಏಳೂ ಜನ ಚಹಾ ಹಿಡಿದು ಅಲ್ಲೇ ಇದ್ದರು.

"ನಿಜ ಹೇಳಿ. ಯಾಕೆ ಎಳೀತಿಲ್ಲ? ನನ್ನ ಮೇಲೆ ಕೋಪಾನಾ?"

ಕಿನುಯೆ ಲೋಟ ಕೆಳಗಿಟ್ಟಳು.

"ಮೊದಲನೇ ವರ್ಷ ನೆನಪಿದೆಯಾ ಹಾಂಚೋ? ಹಳೇ ಮುಖ್ಯಸ್ಥರ ಕಾಲ. ನಾನು ಹಗ್ಗ ಎಳ್ದೆ. ಮರುದಿನ ಬೆಳಗ್ಗೆ ಅವರು ನಿಮ್ಮನ್ನ ಎಲ್ಲರ ಮುಂದೆ ನಿಲ್ಸಿ, ಸೊಂಟದ ತನಕ ಬಗ್ಗಿಸಿ ಕ್ಷಮೆ ಕೇಳ್ಸಿದ್ರು. ನೀವು ಬಗ್ಗಿದ್ರಿ."

"ಬಗ್ಗಿದ್ದೆ."

"ಏಳ್ಲಿಲ್ಲ."

ಅದೂ ನಿಜವೇ. ಹಿಮ ಬೀಳುವ ಆ ಬೆಳಗ್ಗೆ ಮೊರೊಹಾಶಿಯ ಬೆನ್ನು ಕಟಕ್ಕೆಂದು ಹಿಡಿದುಕೊಂಡು, ಅವನನ್ನು ಬಗ್ಗಿದ ಭಂಗಿಯಲ್ಲೇ, ಕುರ್ಚಿ ಹೊತ್ತ ಹಾಗೆ ನಾಲ್ಕು ಜನ ಆಸ್ಪತ್ರೆಗೆ ಹೊತ್ತೊಯ್ದಿದ್ದರು.

"ಅವತ್ತೇ ನಾವು ಏಳೂ ಜನ ಮಾತಾಡ್ಕೊಂಡ್ವಿ," ಎಂದಳು ಕಿನುಯೆ. "ಇನ್ಮೇಲೆ ಈ ಮನುಷ್ಯನ್ನ ಬಗ್ಗಿಸ್ಬಾರ್ದು ಅಂತ. ಮುರಿದಿದ್ದು ತಿಂದ್ವಿ. ಕೆಟ್ಟಿದ್ದು ಕಟ್ಟಿದ್ವಿ. ಈ ಹೊಸಾ ಅಮ್ಮ ಬಂದ್ರೂ ಬಗ್ಗೋದು ಬಗ್ಗೋದೇ ಅಲ್ವಾ?"

ಮೊರೊಹಾಶಿಯ ಕಣ್ಣು ಒದ್ದೆಯಾಯಿತು. ಅವನು ಒಲೆಯ ಹೊಗೆ ಎಂದು ನಟಿಸಲು ನೋಡಿದ, ಒಲೆ ಆರಿತ್ತು.

"ನನಗೆ ಗೊತ್ತಿತ್ತು," ಎಂದ. "ನಿಮ್ಮ ಏಪ್ರನ್ ಜೇಬು ಬೆಳಗ್ಗೆ ಚಪ್ಪಟೆ ಇರುತ್ತೆ, ಮೂರು ಗಂಟೆಗೆ ಉಬ್ಬಿರುತ್ತೆ. ಕಣ್ಣಿಲ್ವಾ ನನಗೆ? ಫಲಕದಲ್ಲಿ ನನ್ನ ಹೆಸರಿನ ಪಕ್ಕ ಸೊನ್ನೆ ಇರೋದು ಚೆನ್ನಾಗಿ ಕಾಣ್ತಿತ್ತು. ಅದಕ್ಕೆ ಸುಮ್ನಿದ್ದೆ. ಒಂಬತ್ತು ವರ್ಷ ನಿಮಗೆ ಉಪ್ಪು ತಿನ್ನಿಸಿ ನಾನು ಒಳ್ಳೆ ಹಾಂಚೋ ಅನ್ನಿಸ್ಕೊಂಡೆ. ಮೊದಲನೇ ತಪ್ಪು ನನ್ನದು, ನಾನೇ ಎಳೀತೀನಿ."

ಎರಡು ಹೆಜ್ಜೆ ಮುಂದೆ ಹೋಗಿ ಹಗ್ಗ ಹಿಡಿದು ಎಳೆದ. ಹಗ್ಗ ಅಲ್ಲಾಡಲಿಲ್ಲ. ಜೋರಾಗಿ ಎಳೆದ. ಉಹೂಂ.

"ಅದೂ..." ಕಿನುಯೆ ನೆಲ ನೋಡಿದಳು. "ಕೈತಪ್ಪಿ ಯಾರಾದ್ರೂ ಎಳೆದುಬಿಟ್ಟಾರು ಅಂತ ನಾನು ಅದನ್ನ ತೊಲೆಯ ಕೊಂಡಿಗೆ ಕಟ್ಟಿದ್ದೆ. ವಸಂತದಲ್ಲಿ ಹೊಸ ಹಗ್ಗ ಬಂದಾಗ ಮತ್ತೆ ಕಟ್ಟಿದೆ. ನಮ್ಮಪ್ಪ ಮೀನುಗಾರ ಹಾಂಚೋ, ನಾನು ಹಾಕಿದ ಗಂಟು ಬಿಚ್ಚೋದು ಕಷ್ಟ."

ಆದರೆ ಮೊರೊಹಾಶಿಗೆ ಆವೇಶ ಬಂದಿತ್ತು. ಹಗ್ಗಕ್ಕೆ ಎರಡೂ ಕೈಯಿಂದ ಜೋತುಬಿದ್ದು, ಕಾಲು ನೆಲದಿಂದೆತ್ತಿ, ತನ್ನ ಮೈಯ ಭಾರವನ್ನೆಲ್ಲ ಬಿಟ್ಟ. ಕಿನುಯೆಯ ಗಂಟು ಬಿಚ್ಚಲಿಲ್ಲ, ಗಂಟು ಹಾಕಿದ್ದ ಕೊಂಡಿಯೇ ಕಿತ್ತು ಬಂತು. ಕೋಗಿಲೆ ಹುಚ್ಚು ಹಿಡಿದಂತೆ ಕೂಗಿತು. ಹಗ್ಗ ಅಷ್ಟೂ ಮೊರೊಹಾಶಿಯ ಮೇಲೆ ಸುರುಳಿ ಸುರುಳಿಯಾಗಿ ಬಿತ್ತು. ಆ ಗದ್ದಲದ ಒಳಗೂ ಒಂದು ಸಣ್ಣ ಸದ್ದು ಎಂಟೂ ಜನಕ್ಕೆ ಸ್ಪಷ್ಟವಾಗಿ ಕೇಳಿಸಿತು.

ಕಟಕ್.

ಸೆಗಾವಾ ಓಡಿಬಂದಾಗ ನಾಲ್ಕನೇ ಸಾಲಿನ ಹಾಂಚೋ ಹಗ್ಗದ ಹಾರ ಹಾಕಿಕೊಂಡು, ಸೊಂಟದ ತನಕ ಬಗ್ಗಿ ನಿಂತಿದ್ದ.

"ಎಳೆದವರು ಯಾರು?"

"ನಾನೇ," ಎಂದ ಮೊರೊಹಾಶಿ ನೆಲಕ್ಕೆ.

"ಹಾಂಚೋ ಬಂದು ವಂದಿಸ್ಬೇಕಲ್ಲ?"

"ಅದೂ ನಾನೇ. ವಂದಿಸ್ತಾ ಇದೀನಿ. ಎಳೆದಿದ್ದಕ್ಕೆ ಉಪಕಾರವಾಯ್ತು."

ರಿಪೇರಿಯವರು ಹಗ್ಗವನ್ನು ಮತ್ತೆ ಕಟ್ಟಿದರು. ನರ್ಸ್ ಬಂದು ಮೊರೊಹಾಶಿಯ ಬೆನ್ನಿಗೆ ಎರಡು ಪಟ್ಟಿ ಅಂಟಿಸಿ, ಅರ್ಧದಷ್ಟು ಎತ್ತಿ ನಿಲ್ಲಿಸಿದರು. ಉಳಿದರ್ಧ ನಾಳೆಗೆ ಎಂದರು. ಮನೆಗೆ ಹೋಗಿ ಎಂದರೆ ಅವನು ಕೇಳಲಿಲ್ಲ. ಇನ್ನೂ ನಾಲ್ಕು ಚೀಟಿ ಬೇಕಿತ್ತು.

ಈಗ ಬೆಲ್ಟು ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಕೋಗಿಲೆ ಕೂಗಿತು. ಹಗ್ಗದ ಕೆಳಗೆ ಹೋಶಿನಾ ನಿಂತಿದ್ದ.

"ಮೂರನೇ ಉರುಳೆ ಕುಂಟುತ್ತೆ," ಎಂದ. ಒಂದು ಸಲ ಉಸಿರೆಳೆದುಕೊಂಡ. "ಆರು ವರ್ಷ ಆಯ್ತು. ಊಟದ ಕಡ್ಡಿ ಸಿಗಿಸಿ ಓಡಿಸ್ತಿದೀನಿ. ತಿಂಗಳಿಗೆ ಎರಡು ಕಡ್ಡಿ. ನಮ್ಮನೇದು."

ಮೊರೊಹಾಶಿ ಆಗಲೇ ಬಗ್ಗಿದ್ದ, ಆದ್ದರಿಂದ ವಂದನೆಗೆ ತಡವಾಗಲಿಲ್ಲ. ಹೋಶಿನಾ ಇಷ್ಟು ಮಾತಾಡಿದ್ದನ್ನು ಕೇಳಿ ಉಳಿದವರಿಗೆ ಬಾಯಿ ಬಂತು. ತಕ್ಕಡಿ ಎರಡು ಗ್ರಾಂ ಸುಳ್ಳು ಹೇಳುತ್ತದೆ ಎಂದು ಒಬ್ಬಳು ಎಳೆದಳು. ಕೈಗವಸು ತನ್ನ ಕೈಗಿಂತ ದೊಡ್ಡದು, ನಾಲ್ಕು ವರ್ಷದಿಂದ ಹೇಳಲು ನಾಚಿಕೆ ಎಂದು ಇನ್ನೊಬ್ಬಳು. ನನ್ನ ತಲೆ ಮೇಲಿನ ದೀಪ ಮಿಣಮಿಣ ಅನ್ನುತ್ತೆ, ಸುಟ್ಟದ್ದು ಯಾವುದು, ಬೆಂದದ್ದು ಯಾವುದು ಕಾಣಿಸಲ್ಲ, ರುಚಿ ನೋಡಿಯೇ ಹೇಳ್ತಿದ್ದೆ ಎಂದಳು ಕಿನುಯೆ. ಒಂಬತ್ತು ವರ್ಷ ಕಟ್ಟೆಯ ಹಿಂದೆ ನಿಂತ ನೀರು ನುಗ್ಗಿದಂತೆ ತಪ್ಪುಗಳು ಬಂದವು. ನಾಲ್ಕೂ ಮುಕ್ಕಾಲಿಗೆ ಹಳದಿ ಚೀಟಿ ಮುಗಿದುಹೋಗಿ ಮೂರನೇ ಸಾಲಿನಿಂದ ಸಾಲ ತರಬೇಕಾಯಿತು. ನಗುಮೊ ಚೀಟಿಯ ಕಟ್ಟನ್ನು ಎಣಿಸಿ ಕೊಟ್ಟ.

ಐದು ಗಂಟೆಗೆ ಎಲ್ಲರನ್ನೂ ನಾಲ್ಕನೇ ಸಾಲಿನ ಫಲಕದ ಮುಂದೆ ಕರೆಯಲಾಯಿತು. ಸೆಗಾವಾ ಒಂದೊಂದೇ ಚೀಟಿ ಓದಿದಳು. ಇಪ್ಪತ್ತಮೂರು ಇದ್ದವು. ಮೊದಲನೆಯದನ್ನು ಎರಡು ಸಲ ಓದಿದಳು. ಅದರಲ್ಲಿ ಮೊರೊಹಾಶಿಯ ಬರವಣಿಗೆಯಲ್ಲಿ 'ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದೆ' ಎಂದಿತ್ತು.

"ಇಪ್ಪತ್ತೆರಡು ವರ್ಷದಲ್ಲಿ," ಎಂದಳು ಆಕೆ, "ಹಾಂಚೋ ಒಬ್ರು ಇಂಥ ಚೀಟಿ ಬರೆದಿದ್ದು ನಾನು ನೋಡಿಲ್ಲ. ಈ ಕಾರ್ಖಾನೇಲಿ ಇದಕ್ಕಿಂತ ಗಟ್ಟಿಯಾದ ತಂಡ ಇಲ್ಲ."

ಚಪ್ಪಾಳೆ ಬಿತ್ತು. ಮೊರೊಹಾಶಿ ಪಟ್ಟಿ ಅಂಟಿಸಿದ ಬೆನ್ನಿನ ನೋವನ್ನೂ ಮರೆತು ನಕ್ಕ. ತಂಡ ಉಳಿಯಿತು!

"ಇಂಥ ತಂಡಾನ ಒಂದೇ ಸಾಲಲ್ಲಿ ಇಟ್ಕೊಳ್ಳೋದು ಸ್ವಾರ್ಥ ಆಗುತ್ತೆ," ಎಂದಳು ಸೆಗಾವಾ. "ಹುದುಗು ಬಂದ ಹಳೇ ಸೋಯಾ ಮಿಸೊ ಒಂದು ಚಮಚ ಹಾಕಿದ್ರೆ ಹೊಸ ಪೀಪಾಯಿ ಹದಕ್ಕೆ ಬರುತ್ತೆ ಅಂತ ನಮ್ಮಜ್ಜಿ ಹೇಳೋರು. ಹಾಗಾಗಿ ಸೋಮವಾರದಿಂದ ಈ ಏಳೂ ಜನಾನ ಏಳು ಸಾಲಿಗೆ ಹಂಚ್ತೀನಿ."

ಚಪ್ಪಾಳೆ ಇನ್ನೂ ಜೋರಾಯಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಗುಮೊ. ಮೊರೊಹಾಶಿಯ ನಗು ಹಾಗೇ ಬಾಯಲ್ಲಿ ಉಳಿದುಹೋಯಿತು. ಬೆಳಗ್ಗೆ ಕಾಯಿಲೆ ಹರಡಬಾರದೆಂದು ಒಡೆಯುವುದು, ಸಂಜೆ ಆರೋಗ್ಯ ಹರಡಲೆಂದು ಒಡೆಯುವುದು. ಇದಕ್ಕಾಗಿಯೇ ತಾನು ಬೆನ್ನು ಮುರಿದುಕೊಂಡದ್ದು! ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಮಾತು ಹೊರಡಲಿಲ್ಲ.

ಹೊರಟದ್ದು ಕೋಗಿಲೆ.

ಎಲ್ಲರೂ ತಿರುಗಿದರು. ನಿಂತ ಬೆಲ್ಟಿನ ಪಕ್ಕದಲ್ಲಿ ಕಿನುಯೆ ಹಗ್ಗ ಹಿಡಿದುಕೊಂಡು, ತುದಿಗಾಲಲ್ಲಿ ನಿಂತಿದ್ದಳು.

"ಕೆಲಸ ಮುಗಿದಿದೆ ಕಿನುಯೆ-ಸಾನ್," ಎಂದಳು ಸೆಗಾವಾ. "ಈಗ ಯಾಕೆ ಎಳೆದ್ರಿ?"

"ತಪ್ಪು ಕಂಡ್ರೆ ಎಳೀಬೇಕು ಅಂತ ನೀವೇ ಹೇಳಿದ್ದು."

"ಏನು ತಪ್ಪು?"

"ನೆಟ್ಟಗಿರೋ ಸಾಲನ್ನ ಒಡೀತಿದಾರೆ."

"ಯಾರು?"

"ನೀವು."

ಕೋಗಿಲೆ ಮಾತ್ರ ಕೂಗುತ್ತಿತ್ತು. ತಪ್ಪು ಬಗೆಹರಿಯುವ ತನಕ ಯಾರೂ ಕದಲುವಂತಿಲ್ಲ. ಹೊರಗೆ ಮನೆಗೆ ಹೋಗುವ ಬಸ್ಸು ನಿಂತಿತ್ತು, ಒಳಗೆ ಅರವತ್ತು ಹೊಟ್ಟೆಗಳು ಹಸಿದಿದ್ದವು. ಸೆಗಾವಾ ಹಗ್ಗ ನೋಡಿದಳು, ಚೀಟಿಗಳನ್ನು ನೋಡಿದಳು, ಏಪ್ರನ್ ಹಾಕಿದ ಮುದುಕಿಯನ್ನು ನೋಡಿದಳು. ಆಮೇಲೆ ಎಲ್ಲರ ಮುಂದೆ ಸೊಂಟದ ತನಕ ಬಗ್ಗಿದಳು.

"ಎಳೆದಿದ್ದಕ್ಕೆ ಉಪಕಾರವಾಯ್ತು." ಇಪ್ಪತ್ತನಾಲ್ಕನೇ ಚೀಟಿಯನ್ನು ತಾನೇ ಬರೆದು ಅಂಟಿಸಿದಳು. "ತಂಡ ಒಡೆಯೋದಿಲ್ಲ."

ಏಳೂ ಜನ ಕುಣಿದಾಡಿದರು. ಹೋಶಿನಾ ಒಂದು ಸಲ ಕೂಗಿದ ಎಂದೂ ಹೇಳುತ್ತಾರೆ. ಮೊರೊಹಾಶಿಯ ಕಣ್ಣಲ್ಲಿ ನೀರು ಧಾರಾಳವಾಗಿ ಇಳಿಯಿತು, ಈ ಸಲ ಒಲೆಯ ನೆವವೂ ಬೇಕಾಗಲಿಲ್ಲ.

"ಆದ್ರೂ ಉಳಿದ ಸಾಲುಗಳು ಕಲೀಬೇಕಲ್ಲ," ಎಂದಳು ಸೆಗಾವಾ, ಚೀಟಿಯ ಅಂಚನ್ನು ಬೆರಳಲ್ಲಿ ಒತ್ತುತ್ತಾ. "ಏಳು ಜನ ಹೋಗೋ ಬದ್ಲು ಒಬ್ಬರು ಹೋದ್ರೆ ಸಾಕು. ಮೊರೊಹಾಶಿ-ಸಾನ್, ಸೋಮವಾರದಿಂದ ನೀವು ಒಂದೊಂದು ಸಾಲಲ್ಲಿ ಒಂದೊಂದು ತಿಂಗಳು ಕೂತು ಕಲಿಸಿ. ಮೊದ್ಲು ನಗುಮೊ-ಸಾನ್ ಸಾಲು."

ಏಳು ಜನರನ್ನು ಕಳೆದುಕೊಳ್ಳಬಾರದೆಂದು ಹೊರಟವನು, ಏಳು ತಿಂಗಳು ತಾನೇ ಕಳೆದುಹೋಗುವಂತಾಯಿತು. ಕಿನುಯೆ ಮತ್ತೆ ಹಗ್ಗಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಬಸ್ಸಿನವನು ಹಾರನ್ ಹೊಡೆದ, ಜನರೆಲ್ಲ ಬಾಗಿಲಿಗೆ ನುಗ್ಗಿದರು.

ಸೋಮವಾರ ಬೆಳಗ್ಗೆ ಮೊರೊಹಾಶಿ ಮುಕ್ಕಾಲುಪಾಲು ನೆಟ್ಟಗಾಗಿ ಮೂರನೇ ಸಾಲಿಗೆ ಹೋದ. ನಗುಮೊ ಕುರ್ಚಿ ಹಾಕಿಸಿ, ಚಹಾ ಕೊಟ್ಟು, "ಬಾಪ್ಪಾ ಗುರುವೇ, ಉಪದೇಶ ಶುರುಮಾಡು," ಎಂದ. ಒಂಬತ್ತೂ ಹತ್ತಕ್ಕೆ ಪಕ್ಕದ ನಾಲ್ಕನೇ ಸಾಲಿನಲ್ಲಿ ಕೋಗಿಲೆ ಕೂಗಿತು. ಮೊರೊಹಾಶಿ ಅಭ್ಯಾಸಬಲದಿಂದ ಎದ್ದುನಿಂತು, ಮತ್ತೆ ಕೂತ. ಕೋಗಿಲೆ ನಿಲ್ಲಲಿಲ್ಲ. ಆಗ ಅವನಿಗೆ ನೆನಪಾಯಿತು: ಫಲಕದಲ್ಲಿ ಹೆಸರಿರುವ ಹಾಂಚೋ ಒಂದು ನಿಮಿಷದೊಳಗೆ ಬರಬೇಕು, ಮತ್ತು ಆ ಹೆಸರನ್ನು ಯಾರೂ ತೆಗೆದಿರಲಿಲ್ಲ.

ಸೊಂಟ ಹಿಡಿದುಕೊಂಡು ಓಡಿದ. ಏಳು ಜನ ಶಿಸ್ತಾಗಿ ನಿಂತಿದ್ದರು. ಕಿನುಯೆ ಚೀಟಿ ಕೊಟ್ಟಳು. ಅದರಲ್ಲಿ 'ಹಾಂಚೋ ಇಲ್ಲ' ಎಂದಿತ್ತು.

"ನಿಜವಾದ ತಪ್ಪೇ," ಎಂದ ಹೋಶಿನಾ.

ಆ ದಿನ ಮೊರೊಹಾಶಿ ಹನ್ನೆರಡು ಸಲ ಓಡಿದ, ಹನ್ನೆರಡು ಸಲ ಬಗ್ಗಿದ. ಸಂಜೆಯ ಹೊತ್ತಿಗೆ ನಾಲ್ಕನೇ ಸಾಲಿನ ಹಗ್ಗ ಮಸಿಬಟ್ಟೆಯಂತಾಗಿತ್ತು. ಹನ್ನೆರಡನೇ ಸಲ ಏದುಸಿರು ಬಿಡುತ್ತಾ ಬಂದಾಗ ಕಿನುಯೆ ಅಂಗೈ ಮೇಲೆ ಎರಡು ಹೋಳಾದ ಒಂದು ಸೆಂಬೆ ಇಟ್ಟುಕೊಂಡು ಕಾಯುತ್ತಿದ್ದಳು.

"ಮುರಿದಿದೆ ಹಾಂಚೋ. ಬರೀಬೇಕೋ, ತಿನ್ನಬೇಕೋ?"

"ಮೊದ್ಲು ಬರೀರಿ," ಎಂದು ಮೊರೊಹಾಶಿ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡ. ಅದನ್ನು ಅಗಿದು ನುಂಗುವ ಮೊದಲೇ ಮೂರನೇ ಸಾಲಿನಲ್ಲಿ ಕೋಗಿಲೆ ಕೂಗಿತು. "ಗುರುವೇ, ಓಡಿ ಬಾರೋ!" ಎಂಬ ನಗುಮೊನ ಕೂಗೂ ಕೇಳಿಸಿತು.